ಪ್ರೊಫೆಸರಿಗೆ ಮಾಡಿದ ಉಪಚಾರ

ಊಟಕ್ಕೆ ಕೂತವರನ್ನು ನೋಡಿಕೊಳ್ಳುವ ವಿದ್ಯೆಯಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ನಮ್ಮದು ದಾವಣಗೆರೆ. ನಮ್ಮ ಮನೆಯಲ್ಲಿ ಉಂಡವರು ಯಾರೂ ತಾವಾಗಿಯೇ ಎದ್ದದ್ದಿಲ್ಲ. ಒಬ್ಬರು ಕೈ ಹಿಡಿದು ಎಬ್ಬಿಸಬೇಕಾಗುತ್ತಿತ್ತು. ಬೀಗರು ಬಂದರೆ ಅಪ್ಪ ಹೋಳಿಗೆಯ ತಟ್ಟೆ ಹಿಡಿದು ಅವರ ಬೆನ್ನ ಹಿಂದೆಯೇ ನಿಲ್ಲುತ್ತಿದ್ದರು. "ಸಾಕು" ಎಂದರೆ ಎರಡು. "ಬೇಡವೇ ಬೇಡ" ಎಂದರೆ ಒಂದು. ಎರಡೂ ಕೈ ಅಡ್ಡ ಹಿಡಿದು ಎಲೆಯ ಮೇಲೆ ಬಗ್ಗಿದರೆ ಕೈಸಂದಿಯಿಂದ ಅರ್ಧ. ಇಷ್ಟೆಲ್ಲ ಆದ ಮೇಲೆಯೇ ಅತಿಥಿಗೆ ಬಹುಶಃ ಸಾಕಾಗಿರಬಹುದು ಎಂದು ನಮ್ಮವರು ಅರೆಮನಸ್ಸಿನಿಂದ ಒಪ್ಪುತ್ತಿದ್ದರು.

ಈ ಉನ್ನತ ತರಬೇತಿ ಪಡೆದು ನಾನು ಸ್ಯಾನ್ ಡಿಯೇಗೋಗೆ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದಲು ಹೋದೆ. ಅಲ್ಲಿ ಪ್ರೊಫೆಸರ್ ಬ್ರಾನಿಗನ್ ಎಂಬವರ ಲ್ಯಾಬ್ ಇತ್ತು. ಸೇತುವೆಗಳಿಗೆ ಹಾಕುವಂಥ ಕಾಂಕ್ರೀಟ್ ಕಂಬಗಳನ್ನು ಎರಡಾಳೆತ್ತರದ ಒಂದು ಮಿಷಿನ್ನಿಗೆ ಸಿಕ್ಕಿಸಿ, ಮೇಲಿನಿಂದ ಸ್ವಲ್ಪಸ್ವಲ್ಪವೇ ಭಾರ ಹೇರುತ್ತಾ ಹೋಗಿ, ಎಲ್ಲಿ ಬಿರುಕು ಬಿಡುತ್ತದೆ ಎಂದು ನೋಡುವುದು ಅವರ ಕೆಲಸ. ಭೂಕಂಪದ ಸೀಮೆಯಲ್ಲಿ ಈ ವಿದ್ಯೆಗೆ ಬಹಳ ಬೆಲೆ. ಆ ವರ್ಷ ಅವರು ಒಬ್ಬರೇ ಒಬ್ಬರು ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳುವವರಿದ್ದರು. ಕಣದಲ್ಲಿ ಉಳಿದಿದ್ದವರು ಇಬ್ಬರು: ನಾನು ಮತ್ತು ಫ್ರೆಸ್ನೋದ ಕೆವಿನ್. ಆ ಸೀಟು ಸಿಕ್ಕರೆ ನನ್ನ ಡಾಕ್ಟರೇಟ್ ಕನಸು ನನಸು. ಸಿಗದಿದ್ದರೆ ಬರೀ ಎಂ.ಎಸ್. ಹಿಡಿದು, ಬಂದ ದಾರಿಗೆ ಸುಂಕವಿಲ್ಲ ಎಂದು ಹೊರಡಬೇಕು. ಕೆವಿನ್ ಬುದ್ಧಿವಂತ, ಮಾತುಗಾರ, ಪ್ರೊಫೆಸರನ್ನು ಹೆಸರು ಹಿಡಿದೇ ಕರೆಯುತ್ತಿದ್ದ. ನಾನೋ, ಅವರು ಎದುರಿಗೆ ಬಂದರೆ ಚಪ್ಪಲಿ ಬಿಡಬೇಕೋ ಏನೋ ಎಂದು ಗಾಬರಿಯಾಗುವವಳು.

ಸೋಮವಾರ ತೀರ್ಮಾನ ತಿಳಿಸುತ್ತೇನೆ ಎಂದಿದ್ದರು ಪ್ರೊಫೆಸರ್. ಅದಕ್ಕೆ ಎರಡು ದಿನ ಮುಂಚೆ, ಶನಿವಾರ, ನಮ್ಮ ಡಿಪಾರ್ಟ್‌ಮೆಂಟಿನ ವಿದ್ಯಾರ್ಥಿ ಸಂಘದ ಪ್ರವಾಸವಿತ್ತು. ಒಂದು ದೊಡ್ಡ ವ್ಯಾನಿನಲ್ಲಿ ಲಾಸ್ ಏಂಜಲೀಸ್‌ಗೆ ಹೋಗಿ, ಗ್ಲೆಂಡೇಲ್ ಹತ್ತಿರ ರಿಪೇರಿಯಾಗುತ್ತಿದ್ದ ಒಂದು ಫ್ರೀವೇ ಸೇತುವೆಯನ್ನು ನೋಡಿ, ಸಂಜೆ ನಾಲ್ಕೂವರೆಗೇ ಊಟ ಮುಗಿಸಿಕೊಂಡು ಬೆಳಕಿರುವಾಗಲೇ ವಾಪಸ್ಸು. ಪ್ರೊಫೆಸರ್ ಬ್ರಾನಿಗನ್ ನಮ್ಮ ಮುಖ್ಯ ಅತಿಥಿ. ಸಂಘದ ಸೆಕ್ರೆಟರಿ ನಾನು.

ಎಲ್ಲಿ ಊಟ ಎಂದು ಇಮೇಲಿನಲ್ಲಿ ವೋಟು ಹಾಕಿಸಿದೆ. ಹತ್ತು ಜನ ಬ್ರೆಜಿಲಿಯನ್ ಸ್ಟೇಕ್‌ಹೌಸ್ ಎಂದರು. ಬೇಡ ಎಂದವರು ಇಬ್ಬರೇ: ಸಸ್ಯಾಹಾರಿಯಾದ ನಾನು, ಹಲಾಲ್ ಬಿಟ್ಟು ಬೇರೆ ಮಾಂಸ ಮುಟ್ಟದ ನನ್ನ ರೂಮ್‌ಮೇಟ್ ಮೈಸೂರಿನ ಶಹೀನ್. ಪ್ರಜಾಪ್ರಭುತ್ವದಲ್ಲಿ ಸೋತವರೇ ಟೇಬಲ್ ಬುಕ್ ಮಾಡಬೇಕೆಂದು ಆವತ್ತು ತಿಳಿಯಿತು.

"ಲೇ ರೇಣುಕಾ, ನಾವಿಬ್ರೂ ಅಲ್ಲಿ ಏನೇ ತಿನ್ನೋದು?" ಎಂದಳು ಶಹೀನ್.

"ತಿನ್ನೋದು ಯಾರಿಗ್ ಬೇಕಾಗೇತಿ? ನಾನು ಪ್ರೊಫೆಸರ್‌ನ ನೋಡ್ಕಂತೀನಿ. ಉಪಚಾರ ಅಂದ್ರೆ ಏನು ಅಂತ ಅವ್ರಿಗೂ ಒಂದ್ಸಲ ಗೊತ್ತಾಗ್ಲಿ."

"ಏನೋಪ್ಪ, ನನಗ್ಯಾಕೋ ಭಯ ಆಗ್ತಿದೆ" ಎಂದಳು. ಶಹೀನಳಿಗೆ ಎಲ್ಲದಕ್ಕೂ ಭಯ ಎಂದು ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೋಟೆಲಿನೊಳಗೆ ಕಾಲಿಟ್ಟಾಗ ನನಗೆ ಒಂದು ಕ್ಷಣ ಊರಿನ ಕಲ್ಯಾಣಮಂಟಪವೇ ನೆನಪಾಯಿತು. ಜನ ಸಾಲಾಗಿ ಕೂತಿದ್ದಾರೆ, ಬಡಿಸುವವರು ಸಾಲಿನ ನಡುವೆ ಓಡಾಡುತ್ತಿದ್ದಾರೆ. ವ್ಯತ್ಯಾಸ ಇಷ್ಟೇ, ಬಡಿಸುವವರ ಕೈಯಲ್ಲಿ ಬಕೆಟ್ಟು ಸೌಟುಗಳ ಬದಲು ತೋಳುದ್ದದ ಕಬ್ಬಿಣದ ಸಲಾಕೆ, ಅದಕ್ಕೆ ಪೋಣಿಸಿದ ಬಿಸಿಬಿಸಿ ಮಾಂಸ, ಇನ್ನೊಂದು ಕೈಯಲ್ಲಿ ಚಾಕು. ತಟ್ಟೆಯ ಪಕ್ಕದಲ್ಲೇ ಸಲಾಕೆ ನಿಲ್ಲಿಸಿ, ತೆಳ್ಳಗೆ ಕೊಯ್ದು ಹಾಕಿ ಮುಂದಕ್ಕೆ ಹೋಗುತ್ತಾರೆ. ಪ್ರತಿಯೊಬ್ಬರ ತಟ್ಟೆಯ ಪಕ್ಕದಲ್ಲೂ ಒಂದು ದುಂಡನೆಯ ರಟ್ಟಿನ ಬಿಲ್ಲೆ ಇತ್ತು. ಒಂದು ಮಗ್ಗುಲು ಹಸಿರು, ಇನ್ನೊಂದು ಮಗ್ಗುಲು ಕೆಂಪು. ಹಸಿರು ಮೇಲಿದ್ದರೆ ಬಡಿಸುತ್ತಲೇ ಇರುತ್ತಾರೆ, ಕೆಂಪು ಮೇಲಿದ್ದರೆ ಹತ್ತಿರ ಸುಳಿಯುವುದಿಲ್ಲ. ಮ್ಯಾನೇಜರ್ ಬಂದು ಇದನ್ನೆಲ್ಲ ನಗುನಗುತ್ತಾ ವಿವರಿಸಿದ.

ಅದನ್ನು ಕೇಳಿ ನನಗೆ ನಿಜವಾಗಿಯೂ ಬೇಜಾರಾಯಿತು. ಒಬ್ಬ ಮನುಷ್ಯ ಸಂಕೋಚದಿಂದ ಬೇಡ ಎಂದನೋ, ಹೊಟ್ಟೆ ತುಂಬಿ ಬೇಡ ಎಂದನೋ ಎಂಬುದು ಒಂದು ರಟ್ಟಿನ ಬಿಲ್ಲೆಗೆ ಹೇಗೆ ಗೊತ್ತಾಗಬೇಕು? ಮುಖ ನೋಡಬೇಡವೇ, ಎರಡು ಸಲ ಬಲವಂತ ಮಾಡಬೇಡವೇ? ಇಷ್ಟು ಮುಂದುವರಿದ ದೇಶ, ಊಟದ ವಿಷಯದಲ್ಲಿ ಇಷ್ಟು ಹಿಂದುಳಿದಿದೆಯಲ್ಲ ಎಂದು ಮರುಗಿದೆ.

ಪ್ರೊಫೆಸರ್ ನಡುವೆ ಕೂತರು. ಅವರ ಬಲಕ್ಕೆ ಕೆವಿನ್, ಎಡಕ್ಕೆ ನಾನು, ನನ್ನ ಎದುರಿಗೆ ಶಹೀನ್. ನಾವಿಬ್ಬರೂ ಸಲಾಡ್ ಇಟ್ಟಿದ್ದ ಕಡೆ ಹೋಗಿ ಸೊಪ್ಪುಸದೆ ಹೇರಿಕೊಂಡು ಬಂದೆವು. ಬೀನ್ಸಿನೊಳಗೂ ಮಾಂಸ ಇದೆಯಂತೆ. ಸುಟ್ಟ ಅನಾನಸ್ ಬಂತು, ಅದೂ ಅದೇ ಬೆಂಕಿಯಿಂದ ಎದ್ದು ಬಂದದ್ದು ಎಂದು ತಿಳಿದು ಇಬ್ಬರೂ ಕೈ ಮುಗಿದೆವು. ಕೊನೆಗೆ ಚೀಸ್ ಹಾಕಿದ ಪುಟಾಣಿ ಬನ್ನುಗಳೇ ಗತಿಯಾದವು. ನಾನು ಏಳು ತಿಂದೆ. ಹತ್ತು ನಿಮಿಷದಲ್ಲಿ ನನ್ನ ಊಟ ಮುಗಿದುಹೋಯಿತು. ಕೈ ಖಾಲಿಯಾಯಿತು. ಅನಾಹುತ ಶುರುವಾದದ್ದೇ ಅಲ್ಲಿಂದ!

ಪ್ರೊಫೆಸರ್ ಬ್ರಾನಿಗನ್ ಅರವತ್ತು ದಾಟಿದ, ತೆಳ್ಳನೆಯ, ಅಳೆದು ತೂಗಿ ಬದುಕುವ ಮನುಷ್ಯ. ದಿನವೂ ಮಧ್ಯಾಹ್ನ ಹನ್ನೆರಡಕ್ಕೆ ಅರ್ಧ ಸ್ಯಾಂಡ್‌ವಿಚ್ ತಿನ್ನುತ್ತಿದ್ದರು, ಉಳಿದರ್ಧ ಮರುದಿನಕ್ಕೆ. ಇಲ್ಲೂ ನಾಲ್ಕೇ ಚೂರು ತಿಂದು, ಬಾಯಿ ಒರೆಸಿಕೊಂಡು, ಬಿಲ್ಲೆಯನ್ನು ಕೆಂಪು ಮಾಡಿ, ಬಲಕ್ಕೆ ತಿರುಗಿ ಕೆವಿನ್ ಜೊತೆ ಕಂಬಗಳ ವಿಷಯ ಮಾತಾಡಲು ಶುರು ಮಾಡಿದರು. ನನಗೆ ಎರಡು ಚಿಂತೆ ಹತ್ತಿಕೊಂಡವು. ಒಂದು, ಮುಖ್ಯ ಅತಿಥಿ ನಾಲ್ಕು ಚೂರಿಗೆ ಕೈ ತೊಳೆಯುತ್ತಿದ್ದಾರೆ. ಎರಡು, ನನ್ನ ಸೀಟು ಕಣ್ಣೆದುರೇ ಕೆವಿನ್ ಪಾಲಾಗುತ್ತಿದೆ. ಆ ಮಾತಿನಲ್ಲಿ ನುಗ್ಗಲು ನನಗೆ ಧೈರ್ಯವಿಲ್ಲ. ನನಗೆ ಬರುವ ವಿದ್ಯೆ ಒಂದೇ.

ಮೆಲ್ಲನೆ ಕೈ ಚಾಚಿ ಬಿಲ್ಲೆಯನ್ನು ಹಸಿರು ಮಾಡಿದೆ.

ಅರೆ ನಿಮಿಷದಲ್ಲಿ ಒಬ್ಬ ಸಲಾಕೆಯೊಂದಿಗೆ ಪ್ರತ್ಯಕ್ಷನಾದ. ಪ್ರೊಫೆಸರ್ ಈ ಕಡೆ ತಿರುಗಿ, ಬಿಲ್ಲೆ ನೋಡಿ, ಹುಬ್ಬೇರಿಸಿ, "ಓ, ಸರಿ" ಎಂದು ಎರಡು ಚೂರು ಹಾಕಿಸಿಕೊಂಡರು. ತಿಂದರು ಕೂಡ. ನೋಡಿದಿರಾ? ಹಸಿವಿತ್ತು, ಪಾಪ, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ!

ಮತ್ತೆ ಕೆಂಪು ಮಾಡಿದರು. ಮತ್ತೆ ಹಸಿರು ಮಾಡಿದೆ. ಈ ಸಲ ಕುರಿ ಬಂತು. ಮತ್ತೆ ಕೆಂಪು, ಮತ್ತೆ ಹಸಿರು. ಕೋಳಿಯ ಪುಟ್ಟಪುಟ್ಟ ಹೃದಯಗಳು ಬಂದವು, ಒಂದು ಸಲಾಕೆಯ ತುಂಬ. ಪ್ರೊಫೆಸರ್ ಅವನ್ನು ನೋಡಿದರು, ಅವು ಪ್ರೊಫೆಸರನ್ನು ನೋಡಿದವು. ಕಣ್ಣು ಮುಚ್ಚಿ ನುಂಗಿದರು.

"ಏನೇ ಮಾಡ್ತಿದೀಯ?" ಎದುರಿನಿಂದ ಶಹೀನ್ ಕನ್ನಡದಲ್ಲಿ ಪಿಸುಗುಟ್ಟಿದಳು. "ಅವರು ಸಾಕು ಅಂತ ಕೆಂಪು ಮಾಡಿದ್ದನ್ನ ನೀನ್ಯಾಕೇ ಮಗುಚಿ ಹಾಕ್ತೀಯ?"

"ಸುಮ್ನಿರೇ. ದೊಡ್ಡೋರು ಮೊದ್ಲು ಬ್ಯಾಡ ಅನ್ನೋದೇ. ನಾವ್ ಬಿಡಬಾರ್ದು."

"ಅವರು ಮೂರ್ಸಲ ಬೇಡ ಅಂದ್ರು ಕಣೇ."

"ಮೂರ್ಸಲ ಬ್ಯಾಡ ಅಂದೋರು ಮೂರ್ಸಲನೂ ತಿಂದ್ರಲ್ಲ? ಅದಕ್ಕೇನಂತಿ?"

ಶಹೀನ್ ಪ್ರೊಫೆಸರ್ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, ಇನ್ನೊಂದು ಬನ್ನು ಬಾಯಿಗೆ ತುರುಕಿಕೊಂಡಳು.

ಇನ್ನೊಂದು ವಿಷಯವನ್ನೂ ಒಪ್ಪಿಕೊಂಡುಬಿಡುತ್ತೇನೆ. ಬಡಿಸುವವರು ಬಲಗಡೆಯಿಂದ ಬರುತ್ತಿದ್ದರು. ಪ್ರೊಫೆಸರಿಗಿಂತ ಮೊದಲು ಕೆವಿನ್ ಸಿಗುತ್ತಿದ್ದ. ಆರಡಿ ಆಳು, ಒಳ್ಳೊಳ್ಳೆ ತುಂಡೆಲ್ಲ ಅವನ ತಟ್ಟೆಗೇ ಬೀಳುತ್ತಿತ್ತು. ಮುಖ್ಯ ಅತಿಥಿಗೆ ಅಳಿದುಳಿದದ್ದೇ? ಕೆವಿನ್ ಬಾತ್‌ರೂಮಿಗೆ ಹೋದಾಗ ನೀರಿನ ಜಗ್ಗು ಎತ್ತಿಕೊಳ್ಳುವ ನೆಪದಲ್ಲಿ ಅವನ ಬಿಲ್ಲೆಯನ್ನು ಕೆಂಪು ಮಾಡಿ, ಅರ್ಧಂಬರ್ಧ ಅವನ ನ್ಯಾಪ್ಕಿನ್ ಕೆಳಗೆ ತಳ್ಳಿದೆ. ಆಮೇಲೆ ಅವನ ಹತ್ತಿರ ಒಬ್ಬರೂ ನಿಲ್ಲಲಿಲ್ಲ. ಪಾಪ, ಬಡಿಸುವವರಿಗೆಲ್ಲ ತನ್ನ ಮೇಲೆ ಏನೋ ಸಿಟ್ಟು ಎಂದುಕೊಂಡು ಸಪ್ಪೆ ಮುಖ ಮಾಡಿ, ಅರೆಹೊಟ್ಟೆಯಲ್ಲೇ ನಿಂಬೆಹಣ್ಣು ಹಿಂಡಿದ ಯಾವುದೋ ಬ್ರೆಜಿಲ್ ಮದ್ಯವನ್ನು ಎರಡು ಗ್ಲಾಸ್ ಕುಡಿದ. ಇದನ್ನು ನಮ್ಮಪ್ಪ ಕಲಿಸಿರಲಿಲ್ಲ. ಇದು ನನ್ನ ಸ್ವಂತ ಪ್ರತಿಭೆ.

ಅಷ್ಟರಲ್ಲಿ ಪ್ರೊಫೆಸರ್ ಬಿಲ್ಲೆಯನ್ನು ಕೆಂಪು ಮಾಡಿ, ಅದರ ಮೇಲೆ ನೀರಿನ ಲೋಟವನ್ನೇ ಇಟ್ಟುಬಿಟ್ಟರು. ಬಿಲ್ಲೆ ಮುಚ್ಚಿಹೋದರೆ ಬಡಿಸುವವರಿಗೆ ಕಾಣುವುದು ಹೇಗೆ? ಲೋಟ ಪಕ್ಕಕ್ಕೆ ಸರಿಸಿ ಕೊಟ್ಟೆ. ಆಮೇಲೆ ಅವರು ಜೇಬಿನಿಂದ ಪೆನ್ನು ತೆಗೆದು ಪೇಪರ್ ನ್ಯಾಪ್ಕಿನ್ ಮೇಲೆ ಆಗಾಗ ಏನೋ ಗುರುತು ಹಾಕಿಕೊಳ್ಳತೊಡಗಿದರು. ಊಟದ ನಡುವೆಯೂ ಸಂಶೋಧನೆ, ಎಂಥ ಶ್ರದ್ಧೆ ಎಂದು ನನ್ನ ಗೌರವ ಹೆಚ್ಚಿತು. ಆದರೆ ಅವರ ಹಣೆಯಲ್ಲಿ ಬೆವರು ಬಂದಿತ್ತು. ಕೆವಿನ್ ಏನೋ ಕೇಳಿದರೆ ಎರಡು ಸಲ ಕೇಳಬೇಕಾಗುತ್ತಿತ್ತು. ಅಂತೂ ಅವರಿಬ್ಬರ ಮಾತು ನಿಂತಿತು. ನನಗೆ ಅಷ್ಟು ಸಾಕಾಗಿತ್ತು.

ಏಳುವ ಹೊತ್ತಿಗೆ ಪ್ರೊಫೆಸರಿಗೆ ಏಳಲಾಗಲಿಲ್ಲ. ಇಬ್ಬರು ಬಡಿಸುವವರು ಕುರ್ಚಿ ಹಿಂದಕ್ಕೆಳೆದು, ರಟ್ಟೆ ಹಿಡಿದು ಎಬ್ಬಿಸಿದರು. ನನ್ನ ಕಣ್ಣಲ್ಲಿ ನೀರೇ ಬಂತು. ನಮ್ಮ ಮನೆತನದ ಮರ್ಯಾದೆ ಅಮೆರಿಕದಲ್ಲೂ ಉಳಿದಿತ್ತು!

ಬೆಳಿಗ್ಗೆ ವ್ಯಾನ್ ಓಡಿಸಿಕೊಂಡು ಬಂದಿದ್ದವರು ಪ್ರೊಫೆಸರೇ. ಈಗ ಅವರು ಡ್ರೈವರ್ ಸೀಟಿನ ಬಾಗಿಲು ತೆರೆದು, ಸ್ಟಿಯರಿಂಗ್ ನೋಡಿ, ತಮ್ಮ ಹೊಟ್ಟೆ ನೋಡಿಕೊಂಡು, ಬಾಗಿಲು ಮುಚ್ಚಿದರು. ಕೆವಿನ್ ಸೇರಿದಂತೆ ಮಿಕ್ಕವರೆಲ್ಲ ಕುಡಿದಿದ್ದರು. ಶಹೀನಳಿಗೆ ಲೈಸೆನ್ಸ್ ಇರಲಿಲ್ಲ. ಸೆಕ್ರೆಟರಿಯಾದ್ದರಿಂದ ವ್ಯಾನಿನ ಫಾರ್ಮಿನಲ್ಲಿ ನನ್ನ ಹೆಸರೂ ಇತ್ತು. ಲೈಸೆನ್ಸ್ ಬಂದು ಮೂರು ತಿಂಗಳಾಗಿತ್ತು.

"ರೇಣುಕಾ, ನೀನು ಡ್ರೈವ್ ಮಾಡುತ್ತೀಯಾ?" ಎಂದು ಕೀಲಿ ಕೊಟ್ಟರು. ಕೀಲಿ ಕೊಟ್ಟವರು ಲ್ಯಾಬ್ ಕೊಡದೆ ಇರುತ್ತಾರೆಯೇ? ಹಿಗ್ಗಿನಿಂದ ಹತ್ತಿ ಕೂತೆ.

ಫ್ರೀವೇ ಐದರಲ್ಲಿ ದಕ್ಷಿಣಕ್ಕೆ ಹೊರಟೆವು. ಪ್ರೊಫೆಸರ್ ನನ್ನ ಪಕ್ಕದಲ್ಲಿ, ಸೀಟ್‌ಬೆಲ್ಟು ಹೊಟ್ಟೆಗೆ ತಾಗದಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದು ಕೂತಿದ್ದರು. ರಸ್ತೆಯಲ್ಲಿ ಒಂದೊಂದು ಜೋಡಣೆ ದಾಟಿದಾಗಲೂ "ಹಾ" ಎನ್ನುತ್ತಿದ್ದರು. ಸೇತುವೆಗಳ ಜೋಡಣೆಗಳನ್ನು ಜೀವಮಾನವಿಡೀ ಅಧ್ಯಯನ ಮಾಡಿದ ಮನುಷ್ಯ, ಅವನ್ನು ಇಷ್ಟು ಹತ್ತಿರದಿಂದ ಅನುಭವಿಸಿದ್ದು ಅಂದೇ ಇರಬೇಕು. ಅರ್ವೈನ್ ಹತ್ತಿರ ಟ್ರಾಫಿಕ್ ನಿಂತಿತು. ಅವರ ಮುಖದ ಬಣ್ಣ ಬದಲಾಗಿತ್ತು. ನಾನು ಬ್ಯಾಗಿನಿಂದ ಅಮ್ಮ ಕಳಿಸಿದ್ದ ಓಂಕಾಳಿನ ಪೊಟ್ಟಣ ತೆಗೆದು ಮುಂದೆ ಹಿಡಿದೆ.

"ಸರ್, ತಗೊಳ್ಳಿ. ಹೊಟ್ಟೆಗೆ ಒಳ್ಳೆಯದು."

ಅವರು ಪೊಟ್ಟಣವನ್ನೂ ನನ್ನನ್ನೂ ನೋಡಿದರು. "ಬೇಡ ಎಂದರೆ ನಿನಗೆ ಬೇಸರವಾಗುತ್ತದೆ, ಅಲ್ಲವೇ?" ಎಂದು, ನಾನು ಚಿಟಿಕೆ ಎಂದು ಹೇಳುವ ಮೊದಲೇ ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಕಣ್ಣಲ್ಲಿ ನೀರು ಬಂತು. ಅರ್ಧ ಗಂಟೆಯ ನಂತರ, ಬಹಳ ಮೆತ್ತಗಿನ ದನಿಯಲ್ಲಿ, "ಮುಂದೆ ಎಲ್ಲಾದರೂ ನಿಲ್ಲಿಸು. ಎಲ್ಲಾದರೂ" ಎಂದರು.

ಓಷನ್‌ಸೈಡ್ ಮುಟ್ಟುವ ಮೊದಲು ಸಿಗುವ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆ. ಪ್ರೊಫೆಸರ್ ಇಳಿದು ವೇಗವಾಗಿ ನಡೆದರು. ಇಪ್ಪತ್ತು ನಿಮಿಷ ಬರಲಿಲ್ಲ. ಕೆವಿನ್ ವೆಂಡಿಂಗ್ ಮಿಷಿನ್ನಿನಿಂದ ಮೂರು ಪೊಟ್ಟಣ ಚಿಪ್ಸ್ ತೆಗೆದು ಒಂದೇ ಉಸಿರಿಗೆ ತಿಂದ. "ತಿಂದಷ್ಟೂ ಹಾಕುವ ಹೋಟೆಲಿನಿಂದ ಹಸಿದು ಬಂದವನು ನಾನೊಬ್ಬನೇ" ಎಂದು ಗೊಣಗಿದ. ಸೂರ್ಯ ಇನ್ನೂ ಸಮುದ್ರದ ಮೇಲಿದ್ದ. ಶಹೀನ್ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು.

ಪ್ರೊಫೆಸರ್ ಬಂದು ಬೆಂಚಿನ ಮೇಲೆ ಕೂತು, ಜೇಬಿನಿಂದ ಆ ನ್ಯಾಪ್ಕಿನ್ ತೆಗೆದು ತೊಡೆಯ ಮೇಲೆ ಹರಡಿದರು. ಎಲ್ಲರೂ ಸುತ್ತ ನಿಂತೆವು.

"ಒಂದು ವಿಷಯ ನಿಮಗೆಲ್ಲ ಹೇಳಬೇಕು" ಎಂದರು. "ನಾನು ಬಹುಶಃ ಈ ವರ್ಷವೇ ನಿವೃತ್ತಿಯಾಗುತ್ತೇನೆ. ಹೊಸ ವಿದ್ಯಾರ್ಥಿಯನ್ನು ತೆಗೆದುಕೊಳ್ಳುವುದಿಲ್ಲ."

ನನ್ನ ಸೀಟೂ ಹೋಯಿತು, ಕೆವಿನ್‌ನ ಸೀಟೂ ಹೋಯಿತು.

"ನನ್ನ ನೆನಪು ಹೋಗುತ್ತಿದೆ" ಎಂದು ಮುಂದುವರಿಸಿದರು. "ಊಟದಲ್ಲಿ ನಾನು ಆ ಬಿಲ್ಲೆಯನ್ನು ಕೆಂಪು ಮಾಡುತ್ತಿದ್ದೆ. ತಿರುಗಿ ನೋಡಿದರೆ ಹಸಿರು ಇರುತ್ತಿತ್ತು. ಮೊದಲು ಮರೆತಿದ್ದೇನೆ ಎಂದುಕೊಂಡೆ. ಆಮೇಲೆ ಬರೆದಿಟ್ಟುಕೊಳ್ಳಲು ಶುರು ಮಾಡಿದೆ. ನೋಡಿ, ಒಂಬತ್ತು ಸಲ ಕೆಂಪು ಮಾಡಿದ್ದೇನೆ ಎಂದು ನನ್ನದೇ ಕೈಬರಹದಲ್ಲಿದೆ. ಒಂಬತ್ತು ಸಲವೂ ಹಸಿರೇ ಇತ್ತು. ನಮ್ಮ ತಂದೆಗೂ ಇದೇ ವಯಸ್ಸಿನಲ್ಲಿ ಶುರುವಾದದ್ದು. ಸೋಮವಾರ ಡಾಕ್ಟರನ್ನು ನೋಡುತ್ತೇನೆ."

ಶಹೀನ್ ನನ್ನ ತೋಳು ಚಿವುಟಿದಳು, ನೀಲಿಗಟ್ಟುವ ಹಾಗೆ. "ಈಗ್ಲೇ ಹೇಳ್ತೀಯೋ, ನಾನ್ ಹೇಳ್ಲೋ?"

ಹೇಳಿದರೆ ಸೀಟು ಕೆವಿನ್‌ಗೆ ಹೋಗುತ್ತದೆ. ಹೇಳದಿದ್ದರೆ ಒಬ್ಬ ಒಳ್ಳೆಯ ಮನುಷ್ಯ ತನ್ನ ತಲೆಯೇ ಕೆಟ್ಟಿದೆಯೆಂದು ನಂಬಿ ಮನೆಗೆ ಹೋಗುತ್ತಾರೆ. ನನಗೆ ಅಳು ಬಂತು.

"ಸರ್, ನಿಮ್ಮ ನೆನಪು ಸರಿಯಾಗೇ ಇದೆ. ಬಿಲ್ಲೆ ತಿರುಗಿಸುತ್ತಿದ್ದವಳು ನಾನು."

"ನೀನು?"

"ಒಂಬತ್ತು ಸಲವೂ ನಾನೇ ಸರ್. ನೀವು ಸಂಕೋಚ ಮಾಡಿಕೊಳ್ಳುತ್ತಿದ್ದೀರಿ ಅಂದುಕೊಂಡೆ." ಆಮೇಲೆ ಹೋಳಿಗೆ, ಬೀಗರು, ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದು, ಎಲ್ಲವನ್ನೂ ಬಿಕ್ಕುತ್ತಾ ವಿವರಿಸಿದೆ. ಮಾತಿನ ರಭಸದಲ್ಲಿ ಕೆವಿನ್ ಬಿಲ್ಲೆಯ ವಿಷಯವೂ ಹೊರಬಿತ್ತು. ಕೆವಿನ್ ಖಾಲಿ ಚಿಪ್ಸ್ ಪೊಟ್ಟಣವನ್ನು ನೋಡಿದ, ನನ್ನನ್ನು ನೋಡಿದ.

"ಆದರೆ ಸರ್," ನಾನು ಮೂಗು ಒರೆಸಿಕೊಂಡು ಕೇಳಿದೆ, "ಬೇಡವಾಗಿದ್ದರೆ ಬಡಿಸುವವರಿಗೆ ಬೇಡ ಅನ್ನಬಹುದಿತ್ತಲ್ಲ? ಯಾಕೆ ತಿಂದಿರಿ?"

ಪ್ರೊಫೆಸರ್ ಶಹೀನ್ ಕಡೆ ಬೆರಳು ತೋರಿಸಿದರು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಬೆಳಿಗ್ಗೆ ಕೇಳಿದ್ರು ಕಣೇ, ನಿಮ್ಮ ಕಡೆಯವರು ಊಟಕ್ಕೆ ಕರೆದಾಗ ಹೇಗೆ ನಡ್ಕೋಬೇಕು ಅಂತ" ಎಂದಳು ಕನ್ನಡದಲ್ಲಿ. "ಊಟಕ್ಕೆ ಕರೆದವ್ರ ಮುಂದೆ, ತಟ್ಟೆಗೆ ಬಂದಿದ್ದನ್ನ ಬೇಡ ಅಂದ್ರೆ ಅವ್ರಿಗೆ ಅವಮಾನ ಆದಂಗೆ ಅಂದೆ. ನೀನು ಹಿಂಗೆ ಮಾಡ್ತೀಯ ಅಂತ ನಂಗೇನೇ ಗೊತ್ತಿತ್ತು?"

ಅಂದರೆ ನನಗೆ ಬೇಸರವಾಗಬಾರದೆಂದು ಅವರು ತಿಂದಿದ್ದಾರೆ, ಅವರಿಗೆ ಸಂಕೋಚವಾಗಬಾರದೆಂದು ನಾನು ಹಾಕಿಸಿದ್ದೇನೆ. ಎರಡು ಸಂಸ್ಕೃತಿಗಳ ನಡುವಿನ ಸೌಹಾರ್ದ ಆ ದಿನ ಒಬ್ಬ ಮನುಷ್ಯನ ಹೊಟ್ಟೆಯಲ್ಲಿ ಜಾಗವಿಲ್ಲದಷ್ಟು ತುಂಬಿಕೊಂಡಿತ್ತು. ಪ್ರೊಫೆಸರ್ ನಗಲು ನೋಡಿದರು. ಹೊಟ್ಟೆ ಬಿಡಲಿಲ್ಲ. ನ್ಯಾಪ್ಕಿನ್ ಮಡಚಿ ಜೇಬಿಗಿಟ್ಟುಕೊಂಡು ಮೆಲ್ಲನೆ ವ್ಯಾನಿನ ಕಡೆ ನಡೆದರು.

ಭಾನುವಾರ ನಾನು ಊಟ ಮಾಡಲಿಲ್ಲ. ಶಹೀನ್ ಅನ್ನ ಸಾರು ಮಾಡಿಟ್ಟು, "ತಿನ್ನು" ಎಂದಳು. ಬೇಡ ಎಂದೆ. ಸರಿ ಎಂದು ಪಾತ್ರೆ ಎತ್ತಿಟ್ಟಳು. ಒಂದೇ ಸಲಕ್ಕೆ ಎತ್ತಿಟ್ಟುಬಿಟ್ಟಳಲ್ಲ ಎಂದು ಇನ್ನೂ ದುಃಖವಾಯಿತು.

ಸೋಮವಾರ ಪ್ರೊಫೆಸರ್ ನನ್ನನ್ನೂ ಕೆವಿನ್‌ನನ್ನೂ ಒಟ್ಟಿಗೇ ಕರೆಸಿದರು. ಮುಂದೆ ಒಂದು ಲೋಟ ಬಿಸಿನೀರು ಮಾತ್ರ ಇತ್ತು. ಆ ಅರ್ಧ ಸ್ಯಾಂಡ್‌ವಿಚ್ ಕೂಡ ಕಾಣಲಿಲ್ಲ. ನಿವೃತ್ತಿಯ ಮಾತನ್ನು ವಾಪಸ್ಸು ತೆಗೆದುಕೊಂಡಿದ್ದೇನೆ ಎಂದರು. ನಾನು ತಲೆ ಬಗ್ಗಿಸಿ ನಿಂತಿದ್ದೆ.

"ರೇಣುಕಾ, ನನ್ನ ಲ್ಯಾಬಿನಲ್ಲಿ ಒಂದು ಹಳೆಯ ಸಮಸ್ಯೆ ಇದೆ" ಎಂದರು. "ಭಾರ ಹೇರುತ್ತಾ ಹೋದಂತೆ ಕಂಬ ನರಳುವ ಸದ್ದು ಮಾಡುತ್ತದೆ. ವಿದ್ಯಾರ್ಥಿಗಳಿಗೆ ಭಯವೋ ಕನಿಕರವೋ ಬಂದು, ಪೂರ್ತಿ ಮುರಿಯುವ ಮೊದಲೇ ನಿಲ್ಲಿಸಿಬಿಡುತ್ತಾರೆ. ನಿನಗೆ ಆ ತೊಂದರೆ ಇಲ್ಲವೆಂದು ಶನಿವಾರ ನಾನೇ ಖುದ್ದಾಗಿ ಪರೀಕ್ಷೆ ಮಾಡಿದ ಹಾಗಾಯಿತು. ಜೊತೆಗೆ, ನೀನು ನಿಜ ಹೇಳಿದೆ. ಬಾ, ಸೇರಿಕೋ."

ನಾನು ನಂಬದೆ ತಲೆಯೆತ್ತಿದೆ. ಅವರು ಕೆವಿನ್ ಕಡೆ ತಿರುಗಿದರು.

"ಒಬ್ಬರನ್ನೇ ತೆಗೆದುಕೊಳ್ಳಬೇಕೆಂದಿದ್ದೆ. ಈಗ ಇಬ್ಬರು ಬೇಕೇ ಬೇಕು ಎಂದು ಡೀನ್‌ಗೆ ಬರೆದಿದ್ದೇನೆ. ಕೆವಿನ್, ಇವಳು ಭಾರ ಹೇರುವಾಗಲೆಲ್ಲ ನೀನು ಪಕ್ಕದಲ್ಲಿ ಕೂತು, ಸಾಕಾದಾಗ ನಿಲ್ಲಿಸಬೇಕು."

ಹೀಗೆ ನನ್ನ ಅಂಕಗಳನ್ನಾಗಲಿ ಬುದ್ಧಿಯನ್ನಾಗಲಿ ನೋಡದೆ, ಎದುರಿನವರ ನರಳಾಟ ನನ್ನ ಕಿವಿಗೆ ಬೀಳುವುದಿಲ್ಲ ಎಂಬ ಏಕೈಕ ಅರ್ಹತೆಯ ಮೇಲೆ ನನಗೆ ಸೀಟು ಸಿಕ್ಕಿತು. ಐದು ವರ್ಷ ಆ ಲ್ಯಾಬಿನಲ್ಲಿ ದುಡಿದೆ. ನಲವತ್ತಕ್ಕೂ ಹೆಚ್ಚು ಕಂಬ ಮುರಿದೆ. ಡಾಕ್ಟರೇಟೂ ಆಯಿತು. ಆದರೆ ಮಿಷಿನ್ ನಿಲ್ಲಿಸುವ ಬಟನ್ನನ್ನು ಮಾತ್ರ ಒಂದು ದಿನವೂ ನನ್ನ ಕೈಗೆ ಕೊಡಲಿಲ್ಲ.